ಮಾವನ ಎದೆಯೊಳಗಿನ ನೀರುಗುಳ್ಳೆ

ನನ್ನ ಸೋದರಮಾವ ಯಂಕಪ್ಪ ಎದೆ ಸೆಟೆಸಿ ನಿಂತು, "ಗುದ್ದಲೇ ಅಳಿಯಾ, ಕೈ ನೋಯೂಮಟ ಗುದ್ದು" ಎನ್ನುತ್ತಿದ್ದ. ಹನುಮಸಾಗರದ ಕಡೆ ಕುರಿ ಕಾಯ್ದುಕೊಂಡಿದ್ದ ಆಸಾಮಿ. ಸಣ್ಣವನಿದ್ದಾಗ ಗುದ್ದಿ ಗುದ್ದಿ ನನ್ನ ಕೈಯೇ ಬಾತಿತ್ತು. ಅಂಥ ಎದೆಯೊಳಗೆ ತೆಂಗಿನಕಾಯಿ ಗಾತ್ರದ ನೀರಿನ ಚೀಲ ಬೆಳೆದಿದೆ ಎಂದು ಡಾಕ್ಟರು ಹೇಳಿದಾಗ, ನನಗೆ ಮೊದಲು ನೆನಪಾದದ್ದು ನನ್ನ ಗುದ್ದುಗಳೇ.

ಕೆಮ್ಮು ಬಿಡದೆ ಕಾಡಿದಾಗ ಕುಷ್ಟಗಿಯಲ್ಲಿ ಕ್ಷಯವಿರಬಹುದು ಎಂದಿದ್ದರು. ಕಫದಲ್ಲಿ ಏನೂ ಕಾಣಲಿಲ್ಲ. ನಾನು ಒಳಗೊಳಗೇ ಕ್ಯಾನ್ಸರ್ ಎಂದು ತೀರ್ಮಾನಿಸಿ ಊಟ ಬಿಟ್ಟೆ. ಮಾವ ನನ್ನ ಪಾಲಿನ ರೊಟ್ಟಿಯನ್ನೂ ತಿಂದ. ಕೊಪ್ಪಳದಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ನಾಯಿ ಸಾಕೀರೇನ್ರಿ?" ಎಂದು ಕೇಳಿದರು.

"ಮೂರು ಅದಾವ್ರಿ. ಆದ್ರ ಕಡದಿಲ್ಲ."

"ಕಡಿಯೂದು ಬ್ಯಾಡ್ರಿ. ಅದರ ಹೊಟ್ಟ್ಯಾಗಿನ ಹುಳದ ತತ್ತಿ ಮೈಗೂದಲಿಗೆ ಹತ್ತಿರತಾವ. ನಿಮ್ಮ ಕೈಯಿಂದ ಬಾಯಿಗೆ ಹೋದ್ರ ಸಾಕು, ಒಳಗ ಇಂಥಾ ಚೀಲ ಬೆಳೀತೈತಿ. ಈ ಚೀಲಕ್ಕ ಸೂಜಿ ಚುಚ್ಚಂಗಿಲ್ಲ, ಒಳಗ ಒಡದ್ರ ಜೀವಕ್ಕ ಅಪಾಯ. ಎದಿ ತೆರದು ತಗೀಬೇಕು."

ಒಡೆದರೆ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಪರೇಷನ್ನಿಗೆ ಬಸ್ಸಿನಲ್ಲಿ ಕರೆತರುವಾಗ ಪ್ರತಿ ತಗ್ಗಿಗೂ ಅವನ ಎದೆಗೆ ಅಂಗೈ ಹಿಡಿದೆ.

"ಹೆರಿಗಿಗೆ ಕರಕೊಂಡು ಹೊಂಟೀಯೇನಲೇ?" ಎಂದ ಮಾವ. ಬಸ್ಸಿನವರೆಲ್ಲ ನಕ್ಕರು. ನಾನು ಕೈ ತೆಗೆಯಲಿಲ್ಲ.

ಸುತ್ತಲೂ ಬಟ್ಟೆ ಒತ್ತಿ, ಒಂದು ಹನಿಯೂ ಒಳಗೆ ಚೆಲ್ಲದಂತೆ ಚೀಲ ತೆಗೆದರಂತೆ. ಮಾವ ವಾರ್ಡಿಗೆ ಬಂದ ಮೇಲೆ ಡಾಕ್ಟರಮ್ಮ ಡಬ್ಬಿಯಲ್ಲಿದ್ದ ಬಿಳಿ ಪೊರೆ ತೋರಿಸಿದರು. ಅವನು ಬಹಳ ಹೊತ್ತು ನೋಡಿದ.

"ಇದು ಕುರಿ ಪುಪ್ಪಸದಾಗ ಇರೂ ನೀರಗುಳ್ಳಿ ಅಲ್ಲೇನ್ರಿ? ಕುರಿ ಕೊಯ್ದಾಗ ಹೊಲಸಂತ ನಾಯಿಗಿ ಒಗೀತೀವಲ್ರಿ."

"ಅದನ್ನ ತಿಂದs ನಾಯಿಗೆ ಹುಳ ಆಗ್ತಾವ. ನಾಯಿಯಿಂದ ಕುರಿಗೂ ಬರ್ತೈತಿ, ನಿಮಗೂ ಬಂತು. ಇನ್ಮ್ಯಾಲೆ ಆಳಕ್ಕ ಹೂಳ್ರಿ."

ಮಾವ ನನ್ನ ಕಡೆ ತಿರುಗಿದ. "ಅಂದ್ರ ನಾನs ತಿನಿಸಿದ್ದು ನನಗs ಬಂತೇನೋ? ಈಗ ಯಾರಿಗಂತ ಬೈಯಲಿ?"

ನಾನು ಅವನ ನಾಯಿಗಳ ಮೈ ಸವರಿದ್ದನ್ನೆಲ್ಲ ನೆನೆಯುತ್ತ ನನ್ನ ಎದೆಯನ್ನೇ ಒತ್ತಿ ನೋಡಿಕೊಳ್ಳುತ್ತಿದ್ದೆ.

ಹೋದ ಚಳಿಗಾಲದಲ್ಲಿ ಮಾವ ಹೃದಯ ನಿಂತು ತೀರಿಕೊಂಡ. ಆ ಚೀಲ ಮತ್ತೆ ಬಂದಿರಲಿಲ್ಲ. ಕಡೆಯ ಸಲ ನಾನು ಕಂಡಾಗ ಮನೆಯ ಹಿಂದೆ ಕುರಿ ಕೊಯ್ದು, ಪಕ್ಕೆ ಹಿಡಿಯುತ್ತದೆ ಎನ್ನುತ್ತಲೇ ಗುಂಡಿ ತೋಡಿ ಪುಪ್ಪಸ ಹಾಕಿ ಮಣ್ಣೆಳೆದ. ನಾಯಿಗಳು ಬಾಲ ಅಲ್ಲಾಡಿಸುತ್ತ ನಿಂತಿದ್ದವು. ಅವುಗಳ ಮುಖವನ್ನು ಅವನು ನೋಡಲಿಲ್ಲ.

"ಇಷ್ಟು ವರ್ಷ ಹಾಕಿ ಈಗ ಹಾಕಂಗಿಲ್ಲ ಅಂದ್ರ ಏನು ತಿಳಕೋತಾವೋ ಏನೋ. ನೀ ಇದರ ಮ್ಯಾಲೆ ನಿಂದರು, ಇಲ್ಲಾಂದ್ರ ಕೆದರತಾವ. ನಾ ಒಂದು ಕಲ್ಲು ತರತೇನಿ."

ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಆ ಹಸಿ ಮಣ್ಣಿನ ಮೇಲೆ ನಿಂತೆ. ನಾಯಿಗಳು ನನ್ನನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ಮಾವ ದೊಡ್ಡದೊಂದು ಕಲ್ಲನ್ನು, ಹೊಲಿಗೆ ಹಾಕಿದ್ದ ಆ ಎದೆಗೇ ಅವಚಿಕೊಂಡು ಬರುವುದು ಕಂಡಿತು. ಓಡಿಹೋಗಿ ಇಸಿದುಕೊಳ್ಳೋಣವೆಂದು ಒಂದು ಕಾಲು ಎತ್ತಿದೆ.

"ಇಳೀಬ್ಯಾಡಲೇ" ಎಂದ, ದೂರದಿಂದಲೇ.

ಎತ್ತಿದ ಕಾಲನ್ನು ಮತ್ತೆ ಅಲ್ಲೇ ಇಟ್ಟೆ.