ಒಂದು ಮೊಳ ಮುಂದೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅಭ್ಯಾಸದ ಶೆಡ್ಡಿನ ಸಿಮೆಂಟು ನೆಲದ ಮೇಲೆ ಮಂಡಿಯೂರಿ ಕೂತ ನಟ್ಟಣ್ಣ ಮಾಸಿದ ಹಳದಿ ಗೆರೆಗೆ ಮತ್ತೆ ಬಣ್ಣ ಹಚ್ಚುತ್ತಿದ್ದಾರೆ. "ಯಾರ ಉದ್ಧಾರಕ್ಕೋ" ಎಂದು ಗೊಣಗುತ್ತಾರೆ. ನಿನ್ನೆ ಇವರ ತಂಡದ ಹುಡುಗ ಘಟಾನುಘಟಿಗಳ ಕಾರ್ ರೇಸಿನಲ್ಲಿ ಮೊದಲ ಸಲ ಗೆದ್ದಿದ್ದಾನೆ. ಇವತ್ತಿನ ಪತ್ರಿಕೆಗಳ ತುಂಬ ಅವನ ಹಲ್ಲು. ಫೋಟೋದ ಮೂಲೆಯಲ್ಲಿ ನಟ್ಟಣ್ಣನದು ಮೊಣಕೈ ಮಾತ್ರ.

ರೇಸಿನ ನಡುವೆ ಕಾರು ಚಕ್ರ ಬದಲಿಸಿಕೊಳ್ಳಲು ಬಂದಾಗ ಬಲಗಡೆಯ ಹಿಂಚಕ್ರ ಇವರ ಪಾಲು. ಗಾಳಿಯ ಒತ್ತಡದಿಂದ ತಿರುಗುವ ಗನ್ನು ಹಿಡಿದು ನಟ್ಟು ಬಿಚ್ಚಬೇಕು, ಹೊಸ ಚಕ್ರ ಕೂತೊಡನೆ ಬಿಗಿಯಬೇಕು. ಹೆಸರು ಅಂಟಿಕೊಂಡದ್ದೂ ಹಾಗೇ. ಅಭ್ಯಾಸವಾಗಲಿ ರೇಸಾಗಲಿ, ಕಾರು ಹಳದಿ ಗೆರೆಯ ಮೇಲೆ ನಿಲ್ಲಬೇಕು ಎಂಬುದು ನಿಯಮ. ಹುಡುಗ ಒಂದು ದಿನವೂ ಅಲ್ಲಿ ನಿಲ್ಲಿಸಿದವನಲ್ಲ. ಒಂದು ಮೊಳ ಮುಂದೆ ಹೋಗಿಯೇ ನಿಲ್ಲಿಸುತ್ತಾನೆ. ಇವರು ಗನ್ನು ಹಿಡಿದು ಮಂಡಿಯಲ್ಲೇ ತೆವಳಬೇಕು. ತಡವಾದರೆ ಬೈಗುಳ ಯಾರಿಗೆ? ಕಾರಿನೊಳಗೆ ಕೂತವನಿಗಂತೂ ಅಲ್ಲ. ಕಳೆದ ರೇಸಾದ ಮೇಲೆ ಮ್ಯಾನೇಜರು ಮುಖಕ್ಕೆ ಹೊಡೆದಂತೆ ಹೇಳಿದ್ದರು: "ಇನ್ನೊಂದು ಸಲ ತಡ ಆದ್ರೆ ನೀವು ಟೈರು ತೊಳೆಯೋಕೆ ಹೋಗಿ."

ನಿನ್ನೆ ನಟ್ಟಣ್ಣನ ತಲೆ ಕೆಟ್ಟಿತು. ಕಾರು ಬರುವ ಮುಂಚೆ ಉಳಿದ ಚಕ್ರದವರಿಗೆ ಹೇಳಿದರು: "ಏಳ್ರಪ್ಪ, ಎಲ್ಲಾ ಒಂದು ಮೊಳ ಮುಂದೆ ಕೂತ್ಕೊಳ್ಳಿ. ಆ ಪ್ರಾಣಿ ಬದಲಾಗಲ್ಲ."

"ಇವತ್ತೇ ಗೆರೆ ಮೇಲೆ ನಿಲ್ಲಿಸಿಬಿಟ್ರೆ?" ಎಂದ ಎಡಚಕ್ರದವನು.

"ಎಲ್ಲರೂ ಸೇರಿ ಟೈರು ತೊಳೆಯೋಣ."

ಹುಡುಗ ಮೋಸ ಮಾಡಲಿಲ್ಲ. ಅಚ್ಚುಕಟ್ಟಾಗಿ ಒಂದು ಮೊಳ ಮುಂದೆ ಬಂದು ನಿಂತ. ಚಕ್ರಗಳು ತಾವಾಗಿಯೇ ಕೈಗೆ ಬಂದಂತಿದ್ದವು. ಎರಡನೆಯದಾಗಿ ಒಳಬಂದ ಕಾರು ಮೊದಲನೆಯದಾಗಿ ಹೊರಬಿತ್ತು, ಮತ್ತೆ ಯಾರ ಕೈಗೂ ಸಿಗಲಿಲ್ಲ.

ಗೆದ್ದವನು ಓಡಿಬಂದು ತಬ್ಬಿಕೊಂಡ. "ಅಣ್ಣಾ, ನೋಡಿದ್ರಾ? ನೀವ್ಯಾರೂ ಅಲ್ಲಾಡಲೇ ಇಲ್ಲ. ಇವತ್ತು ಗೆರೆ ಮೇಲೇ ನಿಲ್ಲಿಸ್ದೆ." ಮೈಕಿನ ಮುಂದೆಯೂ ಅದನ್ನೇ ಹೇಳಿದ.

"ಇದಕ್ಕೆ ಏನು ಹೇಳ್ತೀರಿ?" ನಟ್ಟಣ್ಣ ಕುಂಚವನ್ನು ಡಬ್ಬಿಗೆ ಕುಕ್ಕುತ್ತಾರೆ. "ನನ್ನ ಹೆಂಡ್ತಿ, ಗೆರೆನೇ ಮುಂದೆ ಎಳೀರಿ ಅಂತಾಳೆ. ಎಳೆದ್ರೆ ಅಲ್ಲಿಂದಲೂ ಒಂದು ಮೊಳ ಮುಂದೆ ಹೋಗ್ತಾನೆ ಪುಣ್ಯಾತ್ಮ."

ಇದನ್ನೆಲ್ಲ ನಾವು ಪತ್ರಿಕೆಯಲ್ಲಿ ಬರೆದು, ಹುಡುಗ ಅದನ್ನು ಓದಿ, ತಿದ್ದಿಕೊಂಡುಬಿಟ್ಟರೆ ಕಷ್ಟವಲ್ಲವೇ ಎಂದು ಕೇಳಿದರೆ ಅವರು ತಲೆಯನ್ನೂ ಎತ್ತುವುದಿಲ್ಲ.

"ಧಾರಾಳವಾಗಿ ಬರೀರಿ. ಅವನು ತನ್ನ ಫೋಟೋ ಬಿಟ್ಟು ಇನ್ನೇನೂ ನೋಡಲ್ಲ." ಗೆರೆಯ ತುದಿಗೆ ಕೊನೆಯ ಸಲ ಕುಂಚ ಎಳೆಯುತ್ತಾರೆ. "ಅದೇ ಫೋಟೋ ಹಾಕೋದಾದ್ರೆ, ಆ ಮೊಣಕೈ ನಂದು ಅಂತ ಕೆಳಗೆ ಒಂದು ಸಾಲು ಹಾಕಿ."