ಗೆದ್ದಲು ತಿಂದ ಪಿಯಾನೊಗೆ ಬಿದ್ದ ಹಾರ

ಮಾರಿಕಣಿವೆ ಅಣೆಕಟ್ಟು ಮುಗಿದು ಹತ್ತು-ಹನ್ನೆರಡು ವರ್ಷವಾಗಿತ್ತು. ಚಿತ್ರದುರ್ಗಕ್ಕೆ ಬಯಾಸ್ಕೋಪು ಡೇರೆ ಬಂದಿತ್ತು. ಮಾತಿಲ್ಲದ ಚಿತ್ರ. ಪರದೆಯ ಮೇಲೆ ಓಡುವುದನ್ನು ನೋಡುತ್ತಾ, ಕೂತಲ್ಲೇ ಸ್ವರ ಹುಟ್ಟಿಸಿ ಕಾಲುಹಾರ್ಮೋನಿಯಂ ಬಾರಿಸುವುದು ನನ್ನ ಕೆಲಸ. ಮುಂದೆ ನಾನು ಬೆಂಗಳೂರಿನ ದಂಡು ಪ್ರದೇಶದ ಹೋಟೆಲುಗಳಲ್ಲಿ ಜಾಜ್ ಪಿಯಾನೊ ನುಡಿಸಿ ಬದುಕಿದೆ. ಆ ವಿದ್ಯೆ ಕಲಿತದ್ದು ಈ ಡೇರೆಯಲ್ಲೇ. ಅವಮಾನ ಆದದ್ದೂ ಅಲ್ಲೇ.

ನಮ್ಮೂರು ಜವನಗೊಂಡನಹಳ್ಳಿ. ಅಪ್ಪ ಹತ್ತಿ ವ್ಯಾಪಾರಿ, ಮಠಕ್ಕೆ ನಡೆದುಕೊಳ್ಳುವವರು. ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವನು ಹೊಸಿಲು ತುಳಿಯಕೂಡದು ಎಂದು ನನ್ನನ್ನು ಹೊರಗೆ ಹಾಕಿ ಐದು ವರ್ಷವಾಗಿತ್ತು. ಅವ್ವ ತೀರಿಕೊಂಡಾಗಲೂ ಹೇಳಿಕಳಿಸಲಿಲ್ಲ. ಡೇರೆಯ ಮಾಲೀಕ, ಈ ಸಲ ಪಿಯಾನೊ ತರಿಸಿ ಎಲ್ಲರೆದುರು ಅದರ ಮುಂದೆ ಕೂರಿಸುತ್ತೇನೆಂದು ನನಗೆ ಮಾತು ಕೊಟ್ಟ. ಅದನ್ನು ನಂಬಿ ಅಪ್ಪನಿಗೆ ಕಾಗದ ಬರೆದೆ: ಒಂದು ಸಲ ಬಂದು ನೋಡಿ, ಆಮೇಲೂ ಬೇಡ ಅನ್ನಿಸಿದರೆ ಮತ್ತೆ ಮುಖ ತೋರಿಸುವುದಿಲ್ಲ.

ಪಿಯಾನೊ ಬಂತು. ಯಾವನೋ ಬಿಳಿ ದೊರೆ ಬಿಟ್ಟುಹೋದದ್ದು. ಒಳಗೆಲ್ಲಾ ಗೆದ್ದಲು ತಿಂದು, ಒತ್ತಿದರೆ ಟಕ್ ಎನ್ನುವುದೂ ಇಲ್ಲ. ಮಾಲೀಕನಿಗೆ ಅದರ ಚಿಂತೆಯೇ ಇರಲಿಲ್ಲ. ಪಿಯಾನೊ ಸದ್ದು ಹೇಗಿರುತ್ತದೆಂದು ಊರಿನಲ್ಲಿ ಯಾರಿಗೆ ಗೊತ್ತಿತ್ತು? ಟಿಕೆಟ್ ಹರಿಯುವವನಿಗೆ ಕೋಟು, ಟೋಪಿ ಹಾಕಿಸಿ, ಮುಖಕ್ಕೆ ಪೌಡರ್ ಬಳಿದು, ಬೊಂಬಾಯಿಂದ ಬಂದ ವಿದ್ವಾಂಸರು ಎಂದು ಮುಂದೆ ಕೂರಿಸಿದ. ನನ್ನನ್ನೂ ನನ್ನ ಪೆಟ್ಟಿಗೆಯನ್ನೂ ಪರದೆಯ ಹಿಂದಕ್ಕೆ ತಳ್ಳಿದ. ಬಾರಿಸುವುದು ನಾನು, ಬೆರಳಾಡಿಸುವುದು ಅವನು.

"ಹಣೆ ಮೇಲೆ ಇಷ್ಟಗಲ ವಿಭೂತಿ ಐತೆ. ಇಂಗ್ಲೀಷ್ ವಾದ್ಯದ ಮುಂದೆ ಕುಂತ್ರೆ ಜನ ನಗಲ್ವೇನಪ್ಪ?" ಅಂದ. ನಾಚಿಕೆಗೆಟ್ಟವನು!

ಚಿತ್ರ ಚೆನ್ನಾಗಿ ಕಾಣಲೆಂದು ಪರದೆಗೆ ನೀರು ಹೊಡೆದಿದ್ದರು. ಅದು ನನ್ನ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು. ಆಟಕ್ಕೆ ಮುಂಚೆ ತಾಲ್ಲೂಕಿನ ಅಮಲ್ದಾರರು ಬಂದು ಟಿಕೆಟ್ಟಿನವನಿಗೆ ಹಾರ ಹಾಕಿದರು. ನಮ್ಮ ಕಡೆಯವರಿಗೆ ಇಂಥ ವಿದ್ಯೆ ಬರಲು ಇನ್ನೂ ನೂರು ವರ್ಷ ಬೇಕು ಎಂದು ಭಾಷಣ ಬೇರೆ. ನನ್ನ ಮೈಯೆಲ್ಲಾ ಉರಿದುಹೋಯಿತು. ಪರದೆಯ ಸಂದಿಯಿಂದ ನೋಡಿದರೆ ಬೆಂಚಿನ ತುದಿಯಲ್ಲಿ ಅಪ್ಪ ಕೂತಿದ್ದಾರೆ, ನನ್ನನ್ನೇ ಹುಡುಕುತ್ತಿದ್ದಾರೆ. ಮಗ ಸುಳ್ಳುಗಾರ ಎಂದು ಅವರಿಗೆ ಖಾತ್ರಿಯಾಗಿರಬೇಕು.

ಚಿತ್ರದಲ್ಲಿ ಕುದುರೆಗಳು ಓಡಿದವು. ನನ್ನ ಕೈಗೆ ಬಂದದ್ದು ಅವ್ವ ರಾಗಿ ಬೀಸುವಾಗ ಹಾಡುತ್ತಿದ್ದ ಪದ. ಅದನ್ನೇ ಎರಡು ಪಟ್ಟು ಜೋರಾಗಿ, ತಾಳ ಮುರಿದು, ಕುದುರೆಗಳ ಹಿಂದೆ ಬಿಟ್ಟೆ. ಸ್ವಲ್ಪ ಹೊತ್ತಿಗೆಲ್ಲಾ ಅಪ್ಪನ ದನಿ ಕೇಳಿತು.

"ಇದು ಬೊಂಬಾಯಿದಲ್ಲ. ನಮ್ಮನೆ ಬೀಸೋ ಪದ ಇದು. ನನ್ ಮಗ ಇಲ್ಲೇ ಎಲ್ಲೋ ಅವ್ನೆ, ತೋರಿಸ್ರಿ."

ನಾನು ಪೆಟ್ಟಿಗೆಯಿಂದ ಕೈ ಎತ್ತಿಬಿಟ್ಟೆ. ಸದ್ದು ನಿಂತಿತು. ಕೋಟಿನವನ ಬೆರಳುಗಳು ಮಾತ್ರ ಕುಣಿಯುತ್ತಲೇ ಇದ್ದವು. ಡೇರೆಯೆಲ್ಲಾ ಹೋ ಎಂದು ನಕ್ಕಿತು.

ಅಮಲ್ದಾರರಿಗೆ ಆಗಲೂ ತಿಳಿಯಲಿಲ್ಲವೇ? ಚೆನ್ನಾಗಿ ತಿಳಿಯಿತು. ಆದರೆ ಹಾಕಿದ ಹಾರ ತೆಗೆದರೆ ಅವರ ಮರ್ಯಾದೆ ಏನಾಗಬೇಕು? ಗಲಾಟೆ ಮಾಡಿದನೆಂದು ಅಪ್ಪನನ್ನೇ ಜವಾನರ ಕೈಲಿ ಹೊರಗೆ ದಬ್ಬಿಸಿದರು. ಅರವತ್ತು ದಾಟಿದವರನ್ನು, ರಟ್ಟೆ ಹಿಡಿದು.

ನಾನು ಪೆಟ್ಟಿಗೆ ಬಿಟ್ಟು ಓಡಿದೆ. ಅಪ್ಪ ನಮ್ಮ ಎತ್ತಿನ ಗಾಡಿಯ ಹತ್ತಿರ ನಿಂತು, ಬಿದ್ದ ರುಮಾಲು ಕೊಡವಿ ಸುತ್ತಿಕೊಳ್ಳುತ್ತಿದ್ದರು. ನನ್ನ ಮುಖ ನೋಡಲಿಲ್ಲ. ಆ ಪೆಟ್ಟಿಗೆ ಯಾರದು ಎಂದು ಕೇಳಿದರು. ನನ್ನದೇ ಎಂದೆ.

"ಮತ್ತೆ ಅದನ್ನ ಅಲ್ಲ್ಯಾಕೆ ಬಿಟ್ಟು ಬಂದೆ? ತಂದು ಗಾಡೀಲಿಡು. ಮನೆಗೆ ಹೋಗಾಣ."

ದಂಡಿನಲ್ಲಿ ನನ್ನ ಕೊರಳಿಗೆ ಎಷ್ಟೋ ಹಾರ ಬಿದ್ದವು. ಪ್ರತಿ ಸಲವೂ ಅಪ್ಪನ ರಟ್ಟೆ ಹಿಡಿದ ಆ ಕೈಗಳು ನೆನಪಾಗಿ ರಕ್ತ ಕುದಿಯುತ್ತಿತ್ತು. ಅಪ್ಪ ಅದನ್ನು ಅವತ್ತೇ ಮರೆತರು. ನನ್ನ ಕೈಲಿ ಇವತ್ತಿಗೂ ಆಗಿಲ್ಲ.