ಪಕ್ಕದ ಆಸನದ ಗಂಡಸು

ವಾಚಕ ಮಹಾಶಯರೇ, ಎರಡೇ ಆಸನಗಳ ಪುಟ್ಟ ವಿಮಾನವೊಂದನ್ನು ಒಬ್ಬಳು ಹಾರಿಸುತ್ತಾಳೆ, ಪಕ್ಕದಲ್ಲಿ ಒಬ್ಬ ಕೈಕಟ್ಟಿ ಕಿಟಕಿಯಾಚೆ ನೋಡುತ್ತಾನೆ. ಆ ಒಂದು ತಾಸಿನ ಹಾರಾಟ ಯಾರದು? ಅವಳದೆನ್ನುವಿರಾದರೆ ನೀವು ನ್ಯಾಯವಂತರು, ಆದರೆ ನಮ್ಮ ವಿಮಾನ ಸಂಘದ ಆಡಳಿತಕ್ಕೆ ಸರ್ವಥಾ ಅನರ್ಹರು.

ಖಾಸಗಿ ಹಾರಾಟಗಾರನಿಗೆ ಹಾರಾಟದ ಪುಸ್ತಕವೇ ಜಾತಕ. ಹಾರುವ ಉದ್ದೇಶದಿಂದ ವಿಮಾನ ಅಲುಗಿದ ಕ್ಷಣದಿಂದ ಮರಳಿ ನಿಶ್ಚಲವಾಗುವ ಕ್ಷಣದವರೆಗಿನ ಕಾಲವನ್ನಷ್ಟೇ ಅದರಲ್ಲಿ ಬರೆಯಬೇಕು. ನಿಂತಲ್ಲೇ ಎಂಜಿನ್ನು ಗುಡುಗಿಸಿದ್ದನ್ನೂ ಬರೆದು ಬೈಸಿಕೊಂಡವನು ನಾನು. ಸವಣೂರಿನಿಂದ ಬಸ್ಸಿನಲ್ಲಿ ಬಂದ ಹೊತ್ತನ್ನು ಸೇರಿಸಲಿಲ್ಲವೆಂಬುದಷ್ಟೇ ನನ್ನ ವಿನಯ. ಕಲಿಯುವವರು ಬೋಧಕರೊಡನೆ ಹಾರಿದರೆ ತರಬೇತಿಯ ಕಾಲ, ಒಬ್ಬರೇ ಹಾರಿದರೆ ಏಕಾಂಗಿ ಕಾಲ. ಪರವಾನಗಿಗೆ ಎರಡೂ ಬೇಕು.

ಹಿರೇಕೆರೂರಿನ ಶಾಲಾ ಮಾಸ್ತರರ ಮಗಳು ಸುಮಿತ್ರಾ ನಮ್ಮಲ್ಲಿ ಕಲಿಯುತ್ತಿರುವ ಏಕೈಕ ಹೆಣ್ಣುಮಗಳು. ಇನ್ನು ಒಬ್ಬಳೇ ಹಾರಬಹುದೆಂದು ಬೋಧಕರು ಸಹಿ ಹಾಕಿದ ದಿನವೇ ಸಂಘದ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದರು.

"ಆಚಾರ್ರ, ಹೆಣ್ಣುಹುಡುಗಿನ್ನ ಒಬ್ಬಾಕಿನ್ನ ಕಳಸೂದು ಛಂದ ಅಲ್ಲ. ನೀವು ಲಗ್ನಾದವರು, ಲೈಸೆನ್ಸೂ ಐತಿ. ಬಾಜೂಕ ಸುಮ್ನ ಕುಂತು ಬರ್ರಿ."

ಕಾಲೇಜಿನ ಚರ್ಚಾಕೂಟದಲ್ಲಿ ಸ್ತ್ರೀಸಮಾನತೆಯ ಪರವಾಗಿ ವಾದಿಸಿ ಬೆಳ್ಳಿಯ ಬಟ್ಟಲು ಗೆದ್ದ ಈ ವಾಗ್ಮಿ ಒಂದೇ ಒಂದು ಪ್ರತಿವಾದವನ್ನೂ ಹೂಡದೆ ಹತ್ತಿ ಕುಳಿತ! ಹೀಗೆ ಹತ್ತು ಸಲ. ಹಾನಗಲ್ಲಿನ ಕೆರೆಯ ಮೇಲೆ ಅವಳು ವಿಮಾನವನ್ನು ನವಿರಾಗಿ ಹೊರಳಿಸುತ್ತಿದ್ದಾಗ ನಾನು ಶಿಗ್ಗಾಂವಿ ರಸ್ತೆಯ ಲಾರಿಗಳನ್ನು ನೋಡುತ್ತ ಆಕಳಿಸುತ್ತಿದ್ದೆ.

ಕಳೆದ ವಾರ ಅವಳ ಪರವಾನಗಿಯ ಅರ್ಜಿ ಮರಳಿ ಬಂತು. ನಾನು ಬೋಧಕನಲ್ಲವಾದ್ದರಿಂದ ಆ ಹತ್ತು ಸಲದ ಹಾರಾಟ ತರಬೇತಿಯಲ್ಲ. ನಾನು ಒಳಗಿದ್ದುದರಿಂದ ಏಕಾಂಗಿಯೂ ಅಲ್ಲ. ಪರವಾನಗಿ ಇದ್ದವನು ನಾನೊಬ್ಬನೇ ಆದ್ದರಿಂದ ಸಂಘದ ದಾಖಲೆಯಲ್ಲಿ ನಾನೇ ವಿಮಾನದ ನಾಯಕ. ಆಕಳಿಸಿದವನ ಪುಸ್ತಕ ತುಂಬಿತು, ಹಾರಿಸಿದವಳದು ಬರಿದಾಯಿತು.

ಸುಮಿತ್ರಾ ಕಾಗದವನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಬಡಿದಳು. "ಹಾರಿಸಿದಾಕಿ ನಾನು, ಹೆಸರು ಆಚಾರ್ರದು. ಹಂಗಾರ ನಾ ಎಲ್ಲಿದ್ನಿರಿ ಕಾಕಾ, ರೆಕ್ಕಿ ಮ್ಯಾಲ ಕುಂತಿದ್ನೇನು?"

"ಸಿಟ್ಟಾಗಬ್ಯಾಡವ್ವಾ, ಮತ್ತ ಹಾರಿದ್ರಾತು. ಆಚಾರ್ರು ಬರ್ತಾರ ಜೋಡಿಗೆ."

"ಅವರು ಬಂದ್ರ ಕಾಗದ ಮತ್ತ ಹೊಳ್ಳಿ ಬರ್ತೈತ್ರಿ!"

"ಮಂದಿ ಏನಂದಾರು?"

"ಮಂದಿ ಕೆಳಗಿರ್ತಾರ್ರಿ. ಮ್ಯಾಲ ನೋಡಾಕ ಯಾರು ಬರ್ತಾರ?"

ಇನ್ನು ಮುಂದೆ ನಾನು ಆ ಆಸನವನ್ನು ಹತ್ತುವುದಿಲ್ಲವೆಂದು ಗುಡುಗಿದೆ. ಕಾರ್ಯದರ್ಶಿಗಳು ಕೊಂಚವೂ ವಿಚಲಿತರಾಗಲಿಲ್ಲ. "ಅದಕ್ಕೇನು, ಹಾನಗಲ್ಲ ವಕೀಲರನ್ನ ಕರಸೋಣು. ಅವರೂ ಲಗ್ನಾದವರ."

ಅಜ್ಞಾನಕ್ಕೆ ನಾನು ಸಿಟ್ಟಾಗುವುದಿಲ್ಲ. ನಿಯಮವನ್ನು ಕಣ್ಣಾರೆ ಓದಿದ ಮೇಲೂ ಹೆಣ್ಣಿನ ಮಾನದ ಹೆಸರಿನಲ್ಲಿ ಅವಳ ದುಡಿಮೆಯನ್ನು ಅಳಿಸುವ ಈ ಸೌಜನ್ಯಕ್ಕೆ ನನ್ನ ಮೈ ಉರಿಯುತ್ತದೆ. ಅದಕ್ಕೆ ಹತ್ತು ಸಲ ಹೆಗಲುಕೊಟ್ಟ ನನ್ನ ಹೇಡಿತನಕ್ಕೆ ಇನ್ನೂ ಹೆಚ್ಚು ಉರಿಯುತ್ತದೆ. ಅವಳ ಕಲಿಕೆಯ ಅನುಮತಿ ಇನ್ನೆರಡೇ ತಿಂಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಏಕಾಂಗಿ ಹಾರಾಟ ಪೂರ್ಣವಾಗದಿದ್ದರೆ ಪರವಾನಗಿಯ ಆಸೆಯನ್ನೇ ಅವಳು ಬಿಡಬೇಕಾಗುತ್ತದೆ.

ಬರುವ ರವಿವಾರ ಬೆಳಿಗ್ಗೆ ಸಂಘದ ಸಭೆಯಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸದಸ್ಯರೆಲ್ಲ ದಯವಿಟ್ಟು ಬನ್ನಿ. ಸುಮಿತ್ರಾ ಒಬ್ಬಳೇ ಹಾರಲೆಂದು ಕೈ ಎತ್ತಿ.